ವಿಮಾನ ವಿನ್ಯಾಸದ ಸುರಕ್ಷತೆ: ಪರೀಕ್ಷಕರನ್ನು ಪರೀಕ್ಷಿಸುವವರು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ - ಯಾವ ತಾಲ್ಲೂಕಿನಲ್ಲೇ ಆಗಲಿ, ಎಸ್ಎಸ್ಎಲ್‌ಸಿ ಉತ್ತರ ಪತ್ರಿಕೆಗಳ ಮೌಲ್ಯಮಾಪನವನ್ನು ಆ ಮಕ್ಕಳಿಗೆ ಪಾಠ ಹೇಳಿದ ಶಿಕ್ಷಕರಿಗೇ ವಹಿಸುವುದಿಲ್ಲ. ಶಿಕ್ಷಕರು ಎಷ್ಟೇ ಪ್ರಾಮಾಣಿಕರಾಗಿರಲಿ, ತಮ್ಮದೇ ಪಾಠದ ಕೊರತೆ ಅವರ ಕಣ್ಣಿಗೆ ಬೀಳುವುದು ಕಷ್ಟ. ವಿಮಾನದ ವಿನ್ಯಾಸಕ್ಕೂ ಇದೇ ತತ್ತ್ವ ಅನ್ವಯಿಸುತ್ತದೆ. ಅದನ್ನು ನಾವು ಎಷ್ಟರಮಟ್ಟಿಗೆ ಪಾಲಿಸಿದ್ದೇವೆ ಎಂಬುದು ಇಲ್ಲಿಯ ಪ್ರಶ್ನೆ.

ನಮ್ಮ ದೇಶದಲ್ಲಿ ನಾಗರಿಕ ವಿಮಾನಗಳ ವಿನ್ಯಾಸಕ್ಕೆ ಮಾನ್ಯತೆ ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಇದಕ್ಕೆ ಮೊದಲು 1934ರ ವಿಮಾನ ಅಧಿನಿಯಮ ಆಧಾರವಾಗಿತ್ತು. 2025ರ ಜನವರಿ 1ರಿಂದ 'ಭಾರತೀಯ ವಾಯುಯಾನ ಅಧಿನಿಯಮ, 2024' ಜಾರಿಯಲ್ಲಿದೆ. ವಿಮಾನವು ಯಾವ ಮಾನಕಗಳಿಗೆ ಒಳಪಡಬೇಕೆಂದು ಮೊದಲು ಗೊತ್ತುಪಡಿಸಲಾಗುತ್ತದೆ. ಆನಂತರ ನಕ್ಷೆ, ಲೆಕ್ಕಾಚಾರ, ನೆಲದ ಮೇಲಿನ ಪರೀಕ್ಷೆ, ಹಾರಾಟ ಪರೀಕ್ಷೆಗಳನ್ನು ಆ ಮಾನಕಗಳೊಂದಿಗೆ ತಾಳೆ ನೋಡಿ, ಎಲ್ಲವೂ ಸರಿಯಿದ್ದರೆ ಮಾದರಿ ಪ್ರಮಾಣಪತ್ರ ಕೊಡಲಾಗುತ್ತದೆ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ರೂಪಿಸಿದ ಎರಡು ಆಸನಗಳ ಹಂಸ-3 ತರಬೇತಿ ವಿಮಾನ 2000ದಲ್ಲಿ ಈ ಪ್ರಮಾಣಪತ್ರ ಪಡೆಯಿತು.

ಇಲ್ಲೊಂದು ತೊಡಕಿದೆ. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ, ವಿಮಾನವನ್ನೇ ಕಳೆದುಕೊಳ್ಳುವಂಥ ದೋಷದ ಸಂಭವನೀಯತೆ 100 ಕೋಟಿ ಹಾರಾಟದ ಗಂಟೆಗಳಿಗೆ ಒಂದರಷ್ಟನ್ನು ಮೀರಬಾರದೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಅಳತೆ. 100 ಕೋಟಿ ಗಂಟೆ ಎಂದರೆ ಸುಮಾರು 1,14,000 ವರ್ಷ. ಇದನ್ನು ಹಾರಿಸಿ ತೋರಿಸಲು ಯಾರಿಂದಲೂ ಆಗದು. ಲೆಕ್ಕ ಹಾಕಿಯೇ ತೋರಿಸಬೇಕು. ಪ್ರತಿಯೊಂದು ಲೆಕ್ಕವೂ ಕೆಲವು ಊಹೆಗಳ ಮೇಲೆ ನಿಂತಿರುತ್ತದೆ. ಆದ್ದರಿಂದ ಈ ಊಹೆಗಳನ್ನು ಪ್ರಶ್ನಿಸುವುದೇ ನಿಯಂತ್ರಕರ ನಿಜವಾದ ಕೆಲಸ.

2009ರ ಮಾರ್ಚ್ 6ರಂದು ಎನ್ಎಎಲ್‌ನ ಸರಸ್ ವಿಮಾನದ ಎರಡನೆಯ ಮೂಲಮಾದರಿ ಬಿಡದಿಯ ಬಳಿ ಅಪಘಾತಕ್ಕೀಡಾಯಿತು. ಅದರಲ್ಲಿದ್ದ ವಾಯುಪಡೆಯ ಮೂವರು ಅಧಿಕಾರಿಗಳೂ ಸಾವಿಗೀಡಾದರು. ಅಂದು ನಡೆದದ್ದು ಹಾರಾಟದಲ್ಲೇ ಒಂದು ಎಂಜಿನ್ನನ್ನು ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ. ವಿನ್ಯಾಸಕಾರರು ರೂಪಿಸಿದ ಮರುಹೊತ್ತಿಸುವ ವಿಧಾನವೇ ಸರಿಯಿರಲಿಲ್ಲ, ಅದನ್ನು ಸಾಕಷ್ಟು ಎತ್ತರವಿಲ್ಲದೆ ಅನುಸರಿಸಲಾಯಿತು ಎಂದು ಡಿಜಿಸಿಎ ತನಿಖೆ ತೀರ್ಮಾನಿಸಿತು. ಪ್ರೊಪೆಲರ್ ತಯಾರಕರನ್ನು ಕೇಳದೆಯೇ ಆ ವಿಧಾನ ರೂಪಿಸಿದ್ದು, ಮೊದಲ ಯತ್ನ ವಿಫಲವಾದಾಗ ಹಾರಾಟವನ್ನು ಕೈಬಿಡದಿದ್ದದ್ದು ಕೂಡ ಕಾರಣಗಳೆಂದು ಹೇಳಿತು. ನಿಂತ ಎಂಜಿನ್ನಿನ ಪ್ರೊಪೆಲರ್ ಅಲಗುಗಳು ಗಾಳಿಗೆ ಅಡ್ಡವಾಗಿ ತಿರುಗಿದರೆ ಬ್ರೇಕಿನಂತೆ ವಿಮಾನವನ್ನು ಹಿಂದಕ್ಕೆಳೆಯುತ್ತವೆ. ಹೀಗಿರುವಾಗ ತಯಾರಕರ ಸಲಹೆ ಬರಿಯ ಔಪಚಾರಿಕತೆಯಲ್ಲ.

ವರದಿ ಹೆಸರಿಸಿದ ಈ ಕಾರಣಗಳು ವಿನ್ಯಾಸಕಾರರಿಗೂ ಹಾರಾಟದ ತಂಡಕ್ಕೂ ಸಂಬಂಧಿಸಿದವು. ಅವು ಸರಿಯೇ ಇರಬಹುದು. ಆದರೆ ಆ ವಿಧಾನವನ್ನು 'ಇದಕ್ಕೆ ಆಧಾರವೇನು?' ಎಂದು ಹಾರಾಟಕ್ಕೆ ಮುನ್ನವೇ ಹೊರಗಿನ ತಜ್ಞರೊಬ್ಬರು ಕೇಳಬೇಕಿತ್ತಲ್ಲವೆ? ವಿಮಾನ ರೂಪಿಸಿದ್ದು ಸರ್ಕಾರಿ ಪ್ರಯೋಗಾಲಯ, ಹಾರಿಸಿದ್ದು ವಾಯುಪಡೆ, ಮಾನ್ಯತೆ ನೀಡಬೇಕಿದ್ದದ್ದು ಡಿಜಿಸಿಎ. ಅಪಘಾತದ ತನಿಖೆಯೂ ಡಿಜಿಸಿಎಯದೇ. ಮೇಲ್ವಿಚಾರಣೆಯಲ್ಲೇ ಲೋಪವಿದ್ದಿದ್ದರೆ ಅದನ್ನು ಎತ್ತಿ ಹೇಳುವ ಮೂರನೆಯ ವ್ಯಕ್ತಿ ಅಲ್ಲಿರಲಿಲ್ಲ.

ಇದು ನಮ್ಮ ದೇಶದ ಕೊರತೆ ಮಾತ್ರವಲ್ಲ. ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್ಎಎ, ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಪರಿಶೀಲನೆಯ ದೊಡ್ಡ ಪಾಲನ್ನು ಬೋಯಿಂಗ್ ನೌಕರರಿಗೇ ವಹಿಸಿತ್ತು. ಮೂತಿಯನ್ನು ತಾನಾಗಿ ಕೆಳಗಿಳಿಸುವ ಎಂಕ್ಯಾಸ್ ವ್ಯವಸ್ಥೆ ಒಂದೇ ಸಂವೇದಕವನ್ನು ನಂಬಿತ್ತು. ಅದು ತಪ್ಪಿದರೂ ಚಾಲಕರು ಕೆಲವೇ ಸೆಕೆಂಡುಗಳಲ್ಲಿ ಸರಿಪಡಿಸುತ್ತಾರೆ ಎಂಬುದು ಊಹೆ. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್ ತಿಂಗಳ ಎರಡು ಅಪಘಾತಗಳಲ್ಲಿ 346 ಮಂದಿ ಸತ್ತ ಮೇಲೆ ಆ ಊಹೆ ಸುಳ್ಳೆಂದು ತಿಳಿಯಿತು. ಡಿಜಿಸಿಎ 2019ರ ಮಾರ್ಚ್‌ನಲ್ಲಿ ಈ ವಿಮಾನಗಳನ್ನು ನಿಲ್ಲಿಸಿ, 2021ರ ಆಗಸ್ಟ್‌ನಲ್ಲಷ್ಟೇ ಮತ್ತೆ ಅನುಮತಿಸಿತು.

2012ರಲ್ಲಿ ನಮ್ಮಲ್ಲಿ ವಿಮಾನ ಅಪಘಾತ ತನಿಖಾ ದಳ ಪ್ರತ್ಯೇಕವಾಗಿ ಸ್ಥಾಪನೆಯಾದದ್ದು ಸ್ವಾಗತಾರ್ಹ. ಆದರೆ ಅದೂ ಡಿಜಿಸಿಎಯಂತೆ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲೇ ಇದೆ. ಸೈನಿಕ ವಿಮಾನಗಳಿಗೆ ಮಾನ್ಯತೆ ನೀಡುವ ಬೆಂಗಳೂರಿನ ಸೆಮಿಲ್ಯಾಕ್, ವಿನ್ಯಾಸ ಕಾರ್ಯದಲ್ಲಿ ತೊಡಗಿರುವ ಡಿಆರ್‌ಡಿಓದ ಭಾಗವೇ ಆಗಿದೆ. ಅಂತರ ಸಾಲದು. ಅಂತರವೊಂದೇ ಇದ್ದರೂ ಸಾಲದು. ವಿನ್ಯಾಸಕಾರರಷ್ಟೇ ವಿಷಯ ಬಲ್ಲ ಎಂಜಿನಿಯರುಗಳು ನಿಯಂತ್ರಕರ ಮೇಜಿನಲ್ಲಿರಬೇಕು.

ಅಂಥ ಎಂಜಿನಿಯರುಗಳು ತಯಾರಾಗುವುದು ಶಾಲೆಯ ಪ್ರಯೋಗಾಲಯದಲ್ಲೇ. ಲೋಲಕದ ಪ್ರಯೋಗದಲ್ಲಿ ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಂಕಿಗಳನ್ನು ತಿದ್ದಿ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡುವುದನ್ನು ನಾವು ನಿಲ್ಲಿಸಬೇಕು. ತಾಳೆಯಾಗದ ಅಂಕಿಯನ್ನು ಹಾಗೆಯೇ ಬರೆದು, ಏಕೆ ಹೀಗಾಯಿತೆಂದು ಕೇಳುವ ಹುಡುಗಿಗೆ ಆ ಅಂಕ ಸಲ್ಲಬೇಕು.