ಟ್ಯಾಂಕಿನ ತಳದ ನೀರು

ಕೆಲಸ ಮುಗಿಸಿ ಸ್ವಿಚ್ ಆರಿಸಿದೊಡನೆ ಕಂಪ್ರೆಸರ್ ಟ್ಯಾಂಕಿನ ಅಡಿಗೆ ನಾನೊಂದು ಬಿಳಿ ಬೋಗುಣಿ ಸರಿಸುತ್ತೇನೆ. ಬಿಳಿಯದೇ ಆಗಬೇಕು. ಬೀಳುವ ನೀರಿನ ಬಣ್ಣ ಸರಿಯಾಗಿ ಕಾಣಬೇಕಲ್ಲ.

ಗಾಳಿ ತುಂಬುವ ಟ್ಯಾಂಕಿನಲ್ಲಿ ನೀರೆಲ್ಲಿಂದ ಬಂತು ಎಂದು ಹೊಸಬರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಒಂದು ದಿನ, ಉಷ್ಣತೆ 28 ಡಿಗ್ರಿ, ತೇವಾಂಶ ಶೇ 90 ಎಂದಿಟ್ಟುಕೊಳ್ಳಿ. ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. 50 ಲೀಟರಿನ ಟ್ಯಾಂಕನ್ನು 8 ಬಾರ್‌ಗೆ ಏರಿಸಲು ಹೊರಗಿನ 400 ಲೀಟರ್ ಗಾಳಿ ಬೇಕು. ಅದರೊಂದಿಗೆ 10 ಗ್ರಾಂನಷ್ಟು ನೀರೂ ಒಳಸೇರುತ್ತದೆ. ಆದರೆ ಗಾಳಿ ತಣಿದ ಮೇಲೆ ಆ 50 ಲೀಟರ್ ಜಾಗದಲ್ಲಿ ಆವಿಯಾಗಿಯೇ ಉಳಿಯಬಲ್ಲದ್ದು ಒಂದೂವರೆ ಗ್ರಾಂಗಿಂತ ಕಡಿಮೆ. ಮಿಕ್ಕದ್ದು ಹನಿಗಟ್ಟಿ ತಳಕ್ಕಿಳಿಯುತ್ತದೆ. ಇಂಥ ಇಪ್ಪತ್ತು ತುಂಬಿಕೆಯ ಗಾಳಿ ಖರ್ಚಾಗುವಷ್ಟು ಸ್ಪ್ರೇ ಕೆಲಸ ಮಾಡಿದರೆ ಒಂದು ಲೋಟ ನೀರು! ಬಯಲುಸೀಮೆಯ ಒಣ ಏಪ್ರಿಲ್‌ನಲ್ಲಿ ಇದು ಅರ್ಧಕ್ಕೂ ಇಳಿಯಬಹುದು, ಇಲ್ಲವಾಗುವುದಿಲ್ಲ.

ಈ ನೀರು ಎರಡು ಕಡೆ ಕೆಡಿಸುತ್ತದೆ. ಮೊದಲನೆಯದು ಕಣ್ಣೆದುರೇ ನಡೆಯುತ್ತದೆ. ಹಲಸಿನ ಮರದ ಪೆಟ್ಟಿಗೆಯೊಂದಕ್ಕೆ ನಾನು ಕೊನೆಯ ಕೋಟು ಲ್ಯಾಕರ್ ಹೊಡೆಯುತ್ತಿದ್ದಾಗ ಗನ್ನಿನ ಮೂತಿಯಿಂದ ನೀರು ಸಿಡಿಯಿತು. ಮುಚ್ಚಳದ ತುಂಬ ಬಿಳಿ ಚುಕ್ಕೆ. ಒಣಗಿಸಿ, ಉಜ್ಜಿ, ಮತ್ತೆ ಹೊಡೆಯಲು ಮೂರು ದಿನ ಹಿಡಿಯಿತು. ಟ್ಯಾಂಕಿನ ಬಾಯಿಗೇ ಫಿಲ್ಟರ್ ಕೂರಿಸಿದ್ದೆನಲ್ಲ ಎಂದುಕೊಂಡೆ. ತಪ್ಪು ಅಲ್ಲೇ ಇತ್ತು. ಅಂಥ ಫಿಲ್ಟರ್ ಹಿಡಿಯುವುದು ಹನಿಯನ್ನು, ಆವಿಯನ್ನಲ್ಲ. ಬಿಸಿಗಾಳಿಯ ಆವಿ ಅದನ್ನು ದಾಟಿಹೋಗಿ ಮುಂದೆ ಹೋಸಿನಲ್ಲಿ ತಣಿದು ನೀರಾಗುತ್ತದೆ. ಗಾಳಿ ಒಂದಷ್ಟು ದೂರ ಪೈಪಿನಲ್ಲಿ ಸಾಗಿ ತಣಿದ ಮೇಲೆ ಫಿಲ್ಟರ್ ಇರಬೇಕು.

ಎರಡನೆಯದು ಕಾಣುವುದಿಲ್ಲ. ಒತ್ತಡದಲ್ಲಿರುವ ಗಾಳಿಯ ಆಮ್ಲಜನಕ ತಳದ ನೀರಿಗೆ ಹೆಚ್ಚಾಗಿ ಕರಗುತ್ತದೆ. ಕಬ್ಬಿಣ ತುಕ್ಕು ಹಿಡಿಯಲು ಇನ್ನೇನು ಬೇಕು? ಹೊರಗಿನ ಬಣ್ಣ ಹೊಸದರಂತೆ ಹೊಳೆಯುತ್ತಿರುವಾಗಲೇ ಒಳಗೆ ತಗಡು ಸವೆಯುತ್ತಿರುತ್ತದೆ.

ನೀರು ಬಿಡುವುದಕ್ಕೂ ಒಂದು ಕ್ರಮವಿದೆ. 8 ಬಾರ್ ಇರುವಾಗ ಡ್ರೈನ್ ತಿರುಗಿಸಿದರೆ ತುಕ್ಕಿನ ಚೂರು ಕಣ್ಣಿಗೆ ಹಾರುತ್ತದೆ, ಕಿವಿಯೂ ಗುಂಯ್‌ಗುಡುತ್ತದೆ. ಒತ್ತಡವನ್ನು ಒಂದೆರಡು ಬಾರ್‌ಗೆ ಇಳಿಸಿ, ಕನ್ನಡಕ ಹಾಕಿಕೊಂಡು ಮೆಲ್ಲಗೆ ಬಿಡಿಸಿ. ಡ್ರೈನ್ ಇರುವ ಕಡೆಗೆ ಟ್ಯಾಂಕ್ ತುಸು ವಾಲಿರಲಿ. ನೀರು ನಿಂತು ಬರಿ ಗಾಳಿ ಬಂತೆಂದು ತಕ್ಷಣ ಮುಚ್ಚಬೇಡಿ, ರಾತ್ರಿಯಿಡೀ ತೆರೆದೇ ಇರಲಿ. ಬಿಸಿ ಆರಿದ ಮೇಲೆ ಇಳಿಯುವ ಹನಿಗಳು ಬೆಳಗಿನ ಹೊತ್ತಿಗೆ ಬೋಗುಣಿಗೆ ಬಿದ್ದಿರುತ್ತವೆ. ತಳದ ಸಣ್ಣ ತಿರುಪು ಕೈಗೆ ಎಟುಕದಿದ್ದರೆ ಅಲ್ಲೊಂದು ಎಲ್ಬೋ, ಗೇಣುದ್ದ ಪೈಪು, ತುದಿಗೆ ಆ ಒತ್ತಡ ತಡೆಯುವ ಬಾಲ್ ವಾಲ್ವ್ ಹಾಕಿಸಿ. ಟ್ಯಾಂಕ್ ಪೂರ್ತಿ ಖಾಲಿಯಾಗದೆ ಸ್ಪ್ಯಾನರ್ ಮಾತ್ರ ಮುಟ್ಟಿಸಕೂಡದು.

ತಾನಾಗಿಯೇ ನೀರು ಬಿಡುವ ವಾಲ್ವ್‌ಗಳೂ ಸಿಗುತ್ತವೆ. ಕಾರ್ಖಾನೆಗೆ ಅವು ಬೇಕು. ಮನೆಯ ವರ್ಕ್‌ಶಾಪಿಗೆ ನನ್ನ ಆಯ್ಕೆ ಕೈಯಲ್ಲಿ ತಿರುಗಿಸುವುದೇ. ಕೈಯಲ್ಲಿ ಬಿಟ್ಟರೆ ಮಾತ್ರ ದಿನವೂ ನೀರನ್ನು ನೋಡುತ್ತೇವೆ. ತಿಳಿಯಾಗಿದ್ದರೆ ಸಮಾಧಾನ. ಕಷಾಯದ ಬಣ್ಣಕ್ಕೆ ತಿರುಗಿದ್ದರೆ ತಳ ತುಕ್ಕು ಹಿಡಿಯುತ್ತಿದೆ. ನೀರುಮಜ್ಜಿಗೆಯಂತೆ ಬೆಳ್ಳಗಿದ್ದರೆ ಪಂಪಿನ ಎಣ್ಣೆ ಬೆರೆತಿದೆ. ಅದು ಇದ್ದಕ್ಕಿದ್ದಂತೆ ಹೆಚ್ಚಿದರೆ ಪಿಸ್ಟನ್ ರಿಂಗ್ ನೋಡಿಸಬೇಕು. ಎಣ್ಣೆಯ ನೀರನ್ನು ಬಾವಿಕಟ್ಟೆಯ ಬಳಿ, ಗಿಡದ ಬುಡಕ್ಕೆ ಚೆಲ್ಲಬೇಡಿ. ಡಬ್ಬಿಯಲ್ಲಿ ಕೂಡಿಟ್ಟು ಗ್ಯಾರೇಜಿನ ಹಳೆ ಆಯಿಲ್ ಜೊತೆ ಕಳಿಸಿ.

ಟ್ಯಾಂಕಿಗೆ ಸೂಜಿಮೊನೆಯಷ್ಟು ತೂತು ಬಿದ್ದರೂ ವೆಲ್ಡಿಂಗ್ ಮಾಡಿಸಬೇಡಿ. ಅದರ ಸುತ್ತಲಿನ ತಗಡೂ ಒಳಗಿನಿಂದ ತೆಳುವಾಗಿರುತ್ತದೆ, ಒತ್ತಡ ಏರಿದಾಗ ಸಿಡಿಯಬಹುದು. ಮೋಟರು, ಪಂಪು ಬಿಚ್ಚಿಟ್ಟುಕೊಂಡು, ಮತ್ತೆ ಯಾರೂ ಬಳಸದಂತೆ ಟ್ಯಾಂಕನ್ನು ಎರಡು ಹೋಳು ಮಾಡಿಸಿ ಗುಜರಿಗೆ ಹಾಕಿ.