ಇಳಿಜಾರಿನಲ್ಲಿ ಗೇರು ಯಾರ ಕೈಯಲ್ಲಿ?

ಅಮೆರಿಕದ ಡೀಸೆಲ್ ಪಿಕಪ್‌ಗಳ ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಎರಡೇ ಅಂಕಿ: ಇಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಎಷ್ಟು, ಎಳೆಯುವ ತೂಕ ಎಷ್ಟು. 2019ರ ರ್‍ಯಾಮ್ ಹೆವಿ ಡ್ಯೂಟಿ 1,000 ಪೌಂಡ್-ಅಡಿ ಟಾರ್ಕ್ ಮುಟ್ಟಿತು. 2020ರ ಮಾದರಿಯಲ್ಲಿ ಫೋರ್ಡ್ 1,050 ಎಂದಿತು. 2023ರ ಸೂಪರ್ ಡ್ಯೂಟಿ 1,200ಕ್ಕೆ ಏರಿತು, ಎಳೆಯುವ ಗರಿಷ್ಠ ತೂಕ 40,000 ಪೌಂಡ್ ಆಯಿತು. ಅಂದರೆ ಹದಿನೆಂಟು ಟನ್! ಬಾಡಿಗೆ ಲಾರಿಯ ಚಾಲಕ ವರ್ಷಗಟ್ಟಲೆ ಪಳಗಿ ಹಿಡಿಯುವ ಭಾರವನ್ನು ಇಲ್ಲಿ ವಾರಾಂತ್ಯದಲ್ಲಿ ಕುದುರೆ ಸಾಗಿಸುವವರು, ಕ್ಯಾಂಪಿಂಗ್ ಟ್ರೈಲರ್ ಕಟ್ಟಿಕೊಂಡು ಹೊರಡುವ ನಿವೃತ್ತರು ಆಟೊಮ್ಯಾಟಿಕ್ ಗೇರಿನಲ್ಲಿ ಎಳೆಯುತ್ತಾರೆ. ಆ ಎರಡೂ ಅಂಕಿಗಳು ಬಹುಮಟ್ಟಿಗೆ ಏರಿನ ಮಾತನ್ನಾಡುತ್ತವೆ. ಇಳಿಜಾರಿನ ಹೊಣೆ ಮಾತ್ರ ಗೇರ್ ಲಿವರಿನ ತುದಿಯಲ್ಲೋ ಡ್ಯಾಶ್‌ಬೋರ್ಡಿನಲ್ಲೋ ಇರುವ ಒಂದು ಪುಟ್ಟ ಗುಂಡಿಯ ಮೇಲೆ ಬಿದ್ದಿದೆ. ಅದರ ಮೇಲೆ ‘ಟೋ/ಹಾಲ್’ ಎಂದು ಬರೆದಿರುತ್ತದೆ, ಭಾರ ಎಳೆಯುವಾಗ, ಹೊರುವಾಗ ಒತ್ತಬೇಕಾದ ಗುಂಡಿ ಎಂದರ್ಥ. ಈ ಗುಂಡಿಯ ಹಿಂದಿನ ಯೋಚನೆಯನ್ನು ನಾನು ಮೆಚ್ಚುತ್ತೇನೆ. ಗುಂಡಿ ಒತ್ತಿದರೆ ಕೆಲಸ ಮುಗಿಯಿತು ಎಂಬ ನಂಬಿಕೆಯನ್ನು ಮಾತ್ರ ಒಪ್ಪಲಾರೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ತಿಳಿಯುವುದು ಈಗಾಗಲೇ ಆಗಿರುವ ಸಂಗತಿ ಮಾತ್ರ. ಗಾಡಿಯ ವೇಗ ಎಷ್ಟಿದೆ, ಇಂಜಿನ್ ಎಷ್ಟು ಸುತ್ತುತ್ತಿದೆ, ಆಕ್ಸಲರೇಟರಿನ ಮೇಲೆ ಕಾಲು ಎಷ್ಟು ಒತ್ತಿದೆ ಎಂಬುದನ್ನು ನೋಡಿ ಅದು ಗೇರು ಆರಿಸುತ್ತದೆ. ತಿರುವಿನಾಚೆ ರಸ್ತೆ ಹನ್ನೆರಡು ಕಿಲೋಮೀಟರ್ ಒಂದೇ ಸಮ ಇಳಿಯುತ್ತದೆ ಎಂಬುದನ್ನು ಅದು ಕಾಣದು. ಖಾಲಿ ಗಾಡಿಯಲ್ಲಿ ಚಾಲಕ ಕಾಲು ತೆಗೆದರೆ ‘ಇನ್ನು ಶಕ್ತಿ ಬೇಡ’ ಎಂದರ್ಥ, ಗೇರ್‌ಬಾಕ್ಸ್ ಮೇಲಿನ ಗೇರಿಗೆ ಜಾರಿ ಡೀಸೆಲ್ ಉಳಿಸುತ್ತದೆ. ಹಿಂದೆ ಏಳು ಟನ್ನಿನ ಟ್ರೈಲರ್ ಇದ್ದು ರಸ್ತೆ ಇಳಿಯುತ್ತಿದ್ದರೆ ಅದೇ ಕಾಲು ತೆಗೆಯುವುದಕ್ಕೆ ‘ತಡೆದು ಹಿಡಿ’ ಎಂಬ ಅರ್ಥ ಬರುತ್ತದೆ. ಒಂದೇ ಸನ್ನೆಗೆ ತದ್ವಿರುದ್ಧವಾದ ಎರಡು ಅರ್ಥ. ಒಂದು ಗೇರ್‌ಬಾಕ್ಸಿನ ವಿನ್ಯಾಸ ಚೆನ್ನಾಗಿದೆಯೇ ಎಂದು ಅಳೆಯಬೇಕಾದದ್ದು ಈ ಗೊಂದಲವನ್ನು ಅದು ಹೇಗೆ ಬಿಡಿಸಿಕೊಳ್ಳುತ್ತದೆ ಎಂಬುದರಿಂದ.

1990ರ ದಶಕದ ಡಾಡ್ಜ್ (ಇಂದಿನ ರ್‍ಯಾಮ್) ಅದನ್ನು ಬಿಡಿಸಿಕೊಳ್ಳಲೇ ಇಲ್ಲ. ಕಮ್ಮಿನ್ಸ್ 5.9 ಲೀಟರ್ ಇಂಜಿನ್ 1989ರ ಮಾದರಿಯಲ್ಲಿ ಡಾಡ್ಜ್ ಪಿಕಪ್‌ಗೆ ಬಂದಾಗ ಜನ ಅದನ್ನು ಪ್ರೀತಿಸಿದ್ದು ಸುಮ್ಮನೆ ಅಲ್ಲ. ಲಾರಿ, ಟ್ರ್ಯಾಕ್ಟರ್‌ಗಳ ಕುಲದ ಆರು ಸಿಲಿಂಡರ್ ಇಂಜಿನ್ ಅದು, ಕಡಿಮೆ ಸುತ್ತಿನಲ್ಲೇ ಜಗ್ಗುತ್ತಿತ್ತು. ಆದರೆ 1996ರಿಂದ 2002ರವರೆಗೆ ಅದರ ಹಿಂದೆ ಕೂತ 47ಆರ್‌ಇ ಎಂಬ ನಾಲ್ಕು ಗೇರಿನ ಪೆಟ್ಟಿಗೆ ಆ ಇಂಜಿನ್ನಿಗೆ ತಕ್ಕ ಜೋಡಿಯಾಗಿರಲಿಲ್ಲ. ಕಾರಣ ತಿಳಿಯಲು ಟಾರ್ಕ್ ಕನ್ವರ್ಟರ್ ನೋಡಬೇಕು. ಇಂಜಿನ್ ಮತ್ತು ಗೇರುಗಳ ನಡುವೆ ಆಯಿಲ್ ಮೂಲಕ ಬಲ ದಾಟಿಸುವ ಭಾಗ ಇದು. ಗಾಡಿ ನಿಂತಲ್ಲಿಂದ ಹೊರಡುವಾಗ ಇಂಜಿನ್ನಿನ ಜಗ್ಗುವ ಬಲವನ್ನು ಹೆಚ್ಚಿಸಿ ಉಪಕಾರ ಮಾಡುತ್ತದೆ. ಆದರೆ ಆಯಿಲ್ ಜಾರಿದಷ್ಟೂ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಅದಕ್ಕೇ ಒಳಗೊಂದು ಲಾಕಪ್ ಕ್ಲಚ್ ಇರುತ್ತದೆ. ಅದು ಕಚ್ಚಿಕೊಂಡರೆ ಜಾರುವಿಕೆ ನಿಂತು ಇಂಜಿನ್ನೂ ಗೇರೂ ನೇರ ಬೆಸೆಯುತ್ತವೆ. 47ಆರ್‌ಇಯಲ್ಲಿ ಈ ಲಾಕಪ್ ಮೂರನೆಯ ಮತ್ತು ನಾಲ್ಕನೆಯ ಗೇರಿನಲ್ಲಿ ಮಾತ್ರ ಸಿಗುತ್ತಿತ್ತು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಚಾಲಕ ಆಕ್ಸಲರೇಟರಿನಿಂದ ಕಾಲು ತೆಗೆದ ಕೂಡಲೇ ಲಾಕಪ್ ಬಿಟ್ಟುಕೊಡುತ್ತಿತ್ತು. ತಡೆ ಬೇಕಾದ ಕ್ಷಣದಲ್ಲೇ ಚಕ್ರಕ್ಕೂ ಇಂಜಿನ್ನಿಗೂ ಇದ್ದ ಗಟ್ಟಿ ನಂಟು ಕಳಚಿಹೋಗುತ್ತಿತ್ತು. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಇಂಜಿನ್ನಿನಂತೆ ಗಾಳಿದಾರಿ ಮುಚ್ಚುವ ಥ್ರಾಟಲ್ ಇಲ್ಲದ್ದರಿಂದ ತಾನಾಗಿ ತಡೆಯುವ ಗುಣ ಮೊದಲೇ ಕಡಿಮೆ. ಉಳಿದದ್ದನ್ನೂ ಗೇರ್‌ಬಾಕ್ಸ್ ಕಿತ್ತುಕೊಂಡಿತು.

ಮಾಲೀಕರು ಇದಕ್ಕೆ ತಾವೇ ಮದ್ದು ಹುಡುಕಿಕೊಂಡರು. ಡ್ಯಾಶ್‌ಬೋರ್ಡಿಗೊಂದು ಸ್ವಿಚ್ ಹಾಕಿ ಲಾಕಪ್ಪನ್ನು ತಮ್ಮ ಕೈಗೆ ತಂದುಕೊಂಡು, ಹೊಗೆಯ ದಾರಿ ಕಟ್ಟಿ ಇಂಜಿನ್ನಿನಿಂದಲೇ ಗಾಡಿ ತಡೆಸುವ ಎಕ್ಸಾಸ್ಟ್ ಬ್ರೇಕನ್ನು ಹೊರಗಿನಿಂದ ತಂದು ಕೂರಿಸಿದರು. ಇದು ಜಾಣತನ ನಿಜ, ಅಪಾಯವೂ ಹೌದು. ಆ ಪೆಟ್ಟಿಗೆಯಲ್ಲಿ ಆಕ್ಸಲರೇಟರಿನಿಂದ ಕಾಲು ತೆಗೆದರೆ ಆಯಿಲ್ ಒತ್ತಡವೂ ಇಳಿಯುತ್ತದೆ. ಸಡಿಲ ಒತ್ತಡದಲ್ಲಿ ಕ್ಲಚ್ಚನ್ನು ಬಲವಂತವಾಗಿ ಹಿಡಿಸಿ, ಟ್ರೈಲರಿನ ನೂಕನ್ನೆಲ್ಲ ಅದರ ಮೇಲೆ ಹೊರಿಸಿದರೆ ಕ್ಲಚ್ ಸವೆದು ಸುಡುತ್ತದೆ. ಸ್ವಿಚ್ ಆಫ್ ಮಾಡಲು ಮರೆತು ಗಾಡಿ ನಿಲ್ಲಿಸಿದರೆ ಇಂಜಿನ್ನೇ ಬಂದ್. ಆದರೂ ಆ ಸ್ವಿಚ್ಚನ್ನು ನಾನು ಗೌರವದಿಂದ ನೋಡುತ್ತೇನೆ. ಇಂಜಿನಿಯರ್‌ಗಳು ಕೇಳದೆ ಬಿಟ್ಟ ಪ್ರಶ್ನೆಯನ್ನು ಬಳಕೆದಾರ ತಂತಿ, ಸ್ವಿಚ್ಚುಗಳಲ್ಲಿ ಕೇಳಿದ್ದ.

ಸರಿಯಾದ ಉತ್ತರ 2001ರಲ್ಲಿ ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ಬಂತು. ಬಸ್ಸು, ಭಾರಿ ಲಾರಿ, ಯುದ್ಧಟ್ಯಾಂಕುಗಳಿಗೆ ಗೇರ್‌ಬಾಕ್ಸ್ ಮಾಡುತ್ತ ಬಂದ ಇಂಡಿಯಾನಾಪೊಲಿಸ್‌ನ ಅಲಿಸನ್ ಸಂಸ್ಥೆಯ 1000 ಮಾದರಿಯ ಐದು ಗೇರಿನ ಪೆಟ್ಟಿಗೆಯನ್ನು 6.6 ಲೀಟರ್ ಡ್ಯೂರಾಮ್ಯಾಕ್ಸ್ ಇಂಜಿನ್ನಿಗೆ ಜೋಡಿಸಿದರು. ಟೋ/ಹಾಲ್ ಗುಂಡಿ ಒತ್ತಿದರೆ ಏರಿನಲ್ಲಿ ಗೇರು ಬದಲಾಗುವುದು ತಡವಾಗುತ್ತದೆ, ಮೇಲೆ ಕೆಳಗೆ ಪದೇ ಪದೇ ಹೊಯ್ದಾಡುವುದು ನಿಲ್ಲುತ್ತದೆ. ಇಷ್ಟನ್ನು ಬೇರೆಯವರೂ ಮಾಡಬಹುದಿತ್ತು. ನನಗೆ ಮುಖ್ಯವೆನಿಸುವುದು ಬ್ರೇಕ್ ಪೆಡಲಿಗೆ ಅವರು ಕೊಟ್ಟ ಎರಡನೆಯ ಕೆಲಸ. ಇಳಿಜಾರಿನಲ್ಲಿ ಗಾಡಿ ವೇಗ ಪಡೆಯುತ್ತಿದೆ, ಚಾಲಕ ಬ್ರೇಕಿನ ಮೇಲೆ ಕಾಲಿಡುತ್ತಾನೆ. ಆಗ ಗೇರ್‌ಬಾಕ್ಸ್ ಅದನ್ನು ಬರೀ ಬ್ರೇಕ್ ಎಂದುಕೊಳ್ಳದೆ ‘ಈ ವೇಗ ಹೆಚ್ಚಾಯಿತು’ ಎಂಬ ಮಾತಾಗಿ ಓದಿ ಒಂದು ಗೇರು ಕೆಳಗಿಳಿಯುತ್ತದೆ. ಇನ್ನೂ ಒತ್ತಿದರೆ ಮತ್ತೊಂದು. ಲಾಕಪ್ ಹಿಡಿದೇ ಇರುತ್ತದೆ. ಚಾಲಕ ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ, ಭಯವಾದಾಗ ಕಾಲು ತಾನಾಗಿ ಹೋಗುವ ಜಾಗದಲ್ಲೇ ಅವನ ಇಂಗಿತವನ್ನು ಯಂತ್ರ ಹುಡುಕಿಕೊಂಡಿತು. ಪಿಕಪ್ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಯೋಚನೆ ನನಗೆ ಕಂಡಿಲ್ಲ. ಟಾರ್ಕಿನ ಅಂಕಿ ಎಷ್ಟೇ ಬೆಳೆಯಲಿ, ಈ ಮಾತು ಬದಲಾಗದು.

ಫೋರ್ಡ್ 2003ರ ಟಾರ್ಕ್‌ಶಿಫ್ಟ್ ಪೆಟ್ಟಿಗೆಯಲ್ಲಿ ಇದೇ ಹಾದಿಗೆ ಬಂತು. 2007ರ ನಡುವೆ ಬಂದ 6.7 ಲೀಟರ್ ಕಮ್ಮಿನ್ಸ್‌ನಲ್ಲಿ ಟರ್ಬೋದೊಳಗಿನ ದಾರಿಯನ್ನೇ ಕಿರಿದಾಗಿಸಿ ಹೊಗೆಯನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್ ಕಾರ್ಖಾನೆಯಿಂದಲೇ ಬಂದಾಗ ಡಾಡ್ಜ್ ತನ್ನ ಹಳೆಯ ಸಾಲವನ್ನು ಬಹುಪಾಲು ತೀರಿಸಿತು. 2020ರ ಮಾದರಿಗಳಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಎರಡೂ ಹತ್ತು ಗೇರಿಗೆ ಹೋದವು. ಗೇರುಗಳ ನಡುವಿನ ಅಂತರ ಕಿರಿದಾಗಿ ಓಟ ನಯವಾಗಿದೆ. ಆದರೆ ಯಂತ್ರ ಇಷ್ಟು ಸುಧಾರಿಸಿದರೂ ಚಾಲಕನ ಪಾಲಿನ ಕೆಲಸ ಮುಗಿದಿಲ್ಲ.

ನಮ್ಮ ಘಾಟಿ ರಸ್ತೆಗಳಲ್ಲಿ ಹಳೆಯ ಲಾರಿ ಚಾಲಕರು ಹುಡುಗರಿಗೆ ಹೇಳಿಕೊಡುತ್ತಿದ್ದ ಒಂದು ಪಾಠವಿದೆ: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ರಾಕಿ ಬೆಟ್ಟಗಳ ಟ್ರಕ್ ಚಾಲಕರೂ ಅದನ್ನೇ ಹೇಳುತ್ತಿದ್ದರು. ದುರ್ಬಲ ಇಂಜಿನ್ನುಗಳ ಕಾಲಕ್ಕೆ ಅದು ಸರಿಯಾದ ಲೆಕ್ಕ, ಏಕೆಂದರೆ ಹತ್ತುವಾಗ ಎರಡನೆಯ ಗೇರಿನಲ್ಲಿ ತೆವಳುತ್ತಿದ್ದ ಲಾರಿಯನ್ನು ಇಳಿಯುವಾಗ ಎರಡನೆಯ ಗೇರೇ ಹಿಡಿಯುತ್ತಿತ್ತು. ಇಂದಿನ ಪಿಕಪ್‌ಗೆ ಈ ಪಾಠ ಸಲ್ಲದು. ಹತ್ತುವಾಗಿನ ಗೇರನ್ನು ಚಾಲಕ ಆರಿಸಿಯೇ ಇರುವುದಿಲ್ಲ. ಅಲ್ಲದೆ ಎಳೆಯುವ ಬಲ ಬೆಳೆದ ಪ್ರಮಾಣದಲ್ಲಿ ತಡೆಯುವ ಬಲ ಬೆಳೆದಿಲ್ಲ. ಕೊಲೊರಾಡೊದ ಐ-70 ಹೆದ್ದಾರಿಯಲ್ಲಿ ಸುಮಾರು 3,400 ಮೀಟರ್ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗವಿದೆ. ಅದರ ಪಶ್ಚಿಮದ ಇಳಿಜಾರು ನೂರು ಅಡಿಗೆ ಏಳು ಅಡಿಯಷ್ಟು ಕಡಿದು. ಗಾಡಿ, ಟ್ರೈಲರ್ ಸೇರಿ ಹತ್ತು ಟನ್ ಎಂದಿಟ್ಟುಕೊಳ್ಳಿ. ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿ ಅದು ಇಳಿಯುವಾಗ ಭೂಮಿಯ ಸೆಳೆತ ಸುಮಾರು 240 ಅಶ್ವಶಕ್ತಿಯಲ್ಲಿ ಅದನ್ನು ನೂಕುತ್ತಿರುತ್ತದೆ. ವೇಗ 70ಕ್ಕೆ ಇಳಿದರೆ ಆ ನೂಕು 180ರ ಆಸುಪಾಸಿಗೆ ಬರುತ್ತದೆ. ಒಂದಿಷ್ಟನ್ನು ಗಾಳಿ, ಟೈರು ತಿನ್ನುತ್ತವೆ, ಉಳಿದದ್ದನ್ನು ಇಂಜಿನ್ ಮತ್ತು ಬ್ರೇಕು ನುಂಗಬೇಕು. ಎಕ್ಸಾಸ್ಟ್ ಬ್ರೇಕಿನ ಬಲ ಇಂಜಿನ್ ವೇಗವಾಗಿ ತಿರುಗಿದಾಗ ಮಾತ್ರ ಪೂರ್ತಿ ಸಿಗುತ್ತದೆ, ಕಡಿಮೆ ಸುತ್ತಿನಲ್ಲಿ ಅದು ಅರೆಜೀವ. ಮೇಲಿನ ಗೇರಿನಲ್ಲಿ ಸಲೀಸಾಗಿ ಹತ್ತಿದ ಗಾಡಿ ಅದೇ ಗೇರಿನಲ್ಲಿ ಸಲೀಸಾಗಿ ಇಳಿಯಲಾರದು ಎಂಬುದಕ್ಕೆ ಇದೇ ಕಾರಣ. ಸುರಂಗದ ಬಾಯಿ ದಾಟುವ ಮುನ್ನವೇ ವೇಗ ತಗ್ಗಿಸಿ, ಗೇರು ಇಳಿಸಿ, ಇಂಜಿನ್ ಸುತ್ತು ಏರಿದ ಮೇಲೆ ಇಳಿಜಾರಿಗೆ ಕಾಲಿಡಬೇಕು. ಇದನ್ನು ಯಾವ ಗುಂಡಿಯೂ ಮೊದಲೇ ಮಾಡದು. ಅಲಿಸನ್‌ನ ಆ ಒಳ್ಳೆಯ ಯೋಚನೆಯೂ ವೇಗ ಹೆಚ್ಚಿದ ಮೇಲೆಯೇ ಎಚ್ಚರವಾಗುವುದು.

ಲಿವರಿನ ಪ್ಲಸ್-ಮೈನಸ್ ಗುಂಡಿಗಳ ಬಗ್ಗೆಯೂ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅನೇಕ ಗಾಡಿಗಳಲ್ಲಿ ಪರದೆಯ ಮೇಲೆ 4 ಎಂದು ಬಂದರೆ ‘ನಾಲ್ಕರಲ್ಲೇ ಇರು’ ಎಂದಲ್ಲ, ‘ನಾಲ್ಕನ್ನು ಮೀರಬೇಡ’ ಎಂದಷ್ಟೇ. ಅದರ ಕೆಳಗೆ ಮೂರಕ್ಕೋ ಎರಡಕ್ಕೋ ಪೆಟ್ಟಿಗೆ ತಾನೇ ಹೋಗಬಹುದು. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್‌ನ ಆರು ಗೇರಿನ ಆಟೊಮ್ಯಾಟಿಕ್ ಕೊಂಡು ಚಾರ್ಮಾಡಿ ಇಳಿಯುವವರಿಗೂ ಗೇರ್ ಲಿವರಿನ ಎಸ್ ಸ್ಥಾನದಲ್ಲಿ ಕಾಣುವ ಅಂಕಿಯ ವಿಷಯದಲ್ಲಿ ಇದೇ ಮಾತು ಅನ್ವಯಿಸುತ್ತದೆ. ಭಾರ ಎಳೆಯುವವನಿಗೆ ಈ ಮಿತಿ ಹಾಕುವ ಬಗೆಯೇ ಹೆಚ್ಚು ಉಪಯುಕ್ತ ಎಂದು ನನ್ನ ಅಭಿಪ್ರಾಯ. ಮೇಲೇರುವ ಚಪಲವನ್ನು ಚಾಲಕ ಕಟ್ಟಿಹಾಕುತ್ತಾನೆ, ಕೆಳಗಿಳಿಯುವ ಸ್ವಾತಂತ್ರ್ಯ ಯಂತ್ರಕ್ಕೆ ಉಳಿಯುತ್ತದೆ. 2011ರ ಫೋರ್ಡ್ ಪೆಟ್ಟಿಗೆ ಮಿತಿ ಹಾಕುವುದನ್ನೂ ಗೇರನ್ನೇ ಹಿಡಿದಿಡುವುದನ್ನೂ ಬೇರೆ ಬೇರೆಯಾಗಿ ಕೊಟ್ಟಿದ್ದು ಶ್ಲಾಘನೀಯ. ಹತ್ತು ಗೇರು ಬಂದ ಮೇಲೆ ಮಿತಿ ಹಾಕಲು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ಕೂರಬೇಕು. ತಿರುವು, ಟ್ರೈಲರ್, ಕನ್ನಡಿ ಎಲ್ಲವನ್ನೂ ನೋಡಬೇಕಾದ ಹೊತ್ತಿನಲ್ಲಿ ಇದು ಹಿನ್ನಡೆಯೇ.

ಏರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅಲ್ಲಿ ಪರೀಕ್ಷೆಗಳಿವೆ. ಎಳೆಯುವ ತೂಕ ನಿಗದಿಪಡಿಸುವ ಎಸ್‌ಎಇ ಜೆ2807 ಮಾನದಂಡದ ಪ್ರಕಾರ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು 38 ಡಿಗ್ರಿ ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ನಿಗದಿತ ವೇಗಕ್ಕಿಂತ ಕೆಳಗೆ ಬೀಳದೆ ಹತ್ತಬೇಕು. ಚಾಲಕ ನೋಡಿಕೊಳ್ಳಬೇಕಾದದ್ದು ಗೇರ್ ಆಯಿಲಿನ ಬಿಸಿ. ಸಾಮಾನ್ಯ ಓಟದಲ್ಲಿ 80ರಿಂದ 95 ಡಿಗ್ರಿ ಇರುತ್ತದೆ. 120 ದಾಟಿ ಹೆಚ್ಚು ಹೊತ್ತು ನಿಂತರೆ ಆಯಿಲ್ ಬೇಗ ಕೆಡುತ್ತದೆ. ಬಿಸಿ ಏರುತ್ತಿದ್ದರೆ ಕಾಲು ಒತ್ತಿ ಹಿಡಿಯುವ ಬದಲು ಒಂದು ಗೇರು ಇಳಿಸಬೇಕು. ಅಲಿಸನ್‌ನ ಐದನೆಯ ಗೇರಿನಲ್ಲಿ 1,600 ಸುತ್ತು ತಿರುಗುವ ಇಂಜಿನ್ ನಾಲ್ಕಕ್ಕೆ ಇಳಿದರೆ 2,250ಕ್ಕೆ ಏರುತ್ತದೆ. ಸದ್ದು ಹೆಚ್ಚುತ್ತದೆ, ಆದರೆ ಲಾಕಪ್ ಹಿಡಿದಿರುತ್ತದೆ, ಫ್ಯಾನೂ ನೀರಿನ ಪಂಪೂ ಜೋರಾಗಿ ತಿರುಗುತ್ತವೆ, ಹೊಗೆಯ ಬಿಸಿ ಇಳಿಯುತ್ತದೆ. ಸದ್ದಿಗೆ ಹೆದರಿ ಕಡಿಮೆ ಸುತ್ತಿನಲ್ಲಿ ಇಂಜಿನ್ನನ್ನು ಏದುಸಿರು ಬಿಡಿಸುವವರೇ ಅದನ್ನು ಬೇಗ ಸವೆಸುತ್ತಾರೆ.

ಟೋ/ಹಾಲ್ ಮತ್ತು ಎಕ್ಸಾಸ್ಟ್ ಬ್ರೇಕುಗಳ ನಿಜವಾದ ಕೊರತೆ ಒದ್ದೆ ರಸ್ತೆಯಲ್ಲಿ, ಹಿಮದಲ್ಲಿ ಹೊರಬೀಳುತ್ತದೆ. ಎರಡೂ ತಡೆಯುವುದು ಪಿಕಪ್ಪಿನ ಇಂಜಿನ್ ತಿರುಗಿಸುವ ಚಕ್ರಗಳನ್ನು ಮಾತ್ರ, ಟ್ರೈಲರಿನ ಚಕ್ರಗಳನ್ನಲ್ಲ. ನಯವಾದ ನೆಲದಲ್ಲಿ ಗೇರ್‌ಬಾಕ್ಸ್ ಥಟ್ಟನೆ ಒಂದು ಗೇರು ಇಳಿದರೆ ಹಿಂದಿನ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ, ಟ್ರೈಲರ್ ಹಿಂದಿನಿಂದ ನೂಕಿ ಗಾಡಿಯನ್ನು ಅಡ್ಡ ಮಡಚುತ್ತದೆ. ಬ್ರೇಕ್ ಪೆಡಲಿನ ಭಾಷೆ ಓದಬಲ್ಲ ಪೆಟ್ಟಿಗೆ ರಸ್ತೆಯ ಮೇಲಿನ ಹಿಮವನ್ನು ಮುಂಚಿತವಾಗಿ ಓದಲಾರದು. ಅಂಥಲ್ಲಿ ಎಕ್ಸಾಸ್ಟ್ ಬ್ರೇಕ್ ಆಫ್ ಮಾಡಿ, ಬಹಳ ಮುಂಚೆಯೇ ವೇಗ ತಗ್ಗಿಸಿ, ಟ್ರೈಲರಿನ ಬ್ರೇಕನ್ನು ಕೈಯ ಲಿವರಿನಿಂದ ಮೆಲ್ಲಗೆ ಹಿಡಿಯುವುದೇ ಸರಿಯಾದ ಕ್ರಮ. ಹಾಗೆ ಹಿಡಿದರೆ ಟ್ರೈಲರ್ ನೂಕುವ ಬದಲು ಹಿಂದಕ್ಕೆ ಎಳೆಯುತ್ತದೆ. ಫೋರ್ಡ್ 2005ರಲ್ಲಿ ಆ ಲಿವರನ್ನು ಕಾರ್ಖಾನೆಯಿಂದಲೇ ಕೊಡಲು ತೊಡಗಿತು, ಈಗ ಫೋರ್ಡ್, ಜನರಲ್ ಮೋಟಾರ್ಸ್, ರ್‍ಯಾಮ್ ಮೂರೂ ಕೊಡುತ್ತವೆ. ಹೊಸ ಗಾಡಿ ಕೊಡುವ ದಿನ ಮಾರಾಟಗಾರ ತೋರಿಸಬೇಕಾದದ್ದು ಈ ಲಿವರ್, ಗೇರಿನ ಮಿತಿ ಹಾಕುವ ಗುಂಡಿ ಮತ್ತು ಆಯಿಲ್ ಬಿಸಿಯ ಅಂಕಿ ಎಲ್ಲಿದೆ ಎಂಬ ಮೂರು ಸಂಗತಿ. ಪಾರ್ಕಿಂಗ್ ಜಾಗದಲ್ಲಿ ಹತ್ತು ನಿಮಿಷ ಸಾಕು.