ಹತ್ತು ನಿಮಿಷದ ಉರ್ದು ವಾರ್ತೆ

ಟಿ.ವಿ.ಯ ಬಗ್ಗೆ ನಮ್ಮ ಸಮುದಾಯದಲ್ಲಿ ಚರ್ಚೆ ಎದ್ದಾಗಲೆಲ್ಲ ಅದು ಬಹುತೇಕ ಒಂದೇ ದೂರಿನಲ್ಲಿ ಮುಗಿಯುತ್ತದೆ: ನಮ್ಮನ್ನು ಸರಿಯಾಗಿ ತೋರಿಸುವುದಿಲ್ಲ. ವಾರ್ತೆಯಲ್ಲಿ ಶಂಕಿತ, ಧಾರಾವಾಹಿಯಲ್ಲಿ ನಾಯಕನಿಗಾಗಿ ಪ್ರಾಣ ಕೊಡುವ ಒಳ್ಳೆಯ ಗೆಳೆಯ, ಹಾಸ್ಯದಲ್ಲಿ 'ನಿಮ್ದೂಕೆ ನಮ್ದೂಕೆ' ಎಂದು ಕನ್ನಡ ಮುರಿಯುವ ಸಾಬಿ. ದೂರು ಸುಳ್ಳಲ್ಲ. ಆದರೆ ಅದು ಪ್ರಶ್ನೆಯ ಅರ್ಧ ಮಾತ್ರ.

ಮಾಧ್ಯಮ ಅಧ್ಯಯನದವರು ಬಳಸುವ 'ರೆಪ್ರೆಸೆಂಟೇಶನ್' ಎಂಬ ಇಂಗ್ಲಿಷ್ ಪದಕ್ಕೆ ಎರಡು ಅರ್ಥಗಳಿವೆ. ಒಬ್ಬರನ್ನು ಚಿತ್ರಿಸುವುದು ಒಂದು, ಒಬ್ಬರ ಪರವಾಗಿ ನಿಲ್ಲುವುದು ಇನ್ನೊಂದು. ಉರ್ದುವಿನಲ್ಲಿ ಅಕ್ಕಾಸಿ ಬೇರೆ, ನುಮಾಇಂದಗಿ ಬೇರೆ. ಕನ್ನಡದಲ್ಲೂ ಚಿತ್ರಣ, ಪ್ರಾತಿನಿಧ್ಯ ಎಂದು ಎರಡು ಪದಗಳಿವೆ. ಪದಗಳಿದ್ದರೂ ನಾವು ಚಿತ್ರಣದ ಲೆಕ್ಕವನ್ನಷ್ಟೇ ಇಡುತ್ತೇವೆ. ಯಾರ ಭಾಷೆಗೆ ಎಷ್ಟು ಹೊತ್ತು, ದಿನದ ಯಾವ ಗಳಿಗೆಯಲ್ಲಿ ಎಂಬ ಲೆಕ್ಕವನ್ನು ಇಡುವುದಿಲ್ಲ.

ಆ ಲೆಕ್ಕ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಬೆಂಗಳೂರು 1994ರಲ್ಲಿ ಕಂಡಿದೆ. ಆ ವರ್ಷದ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು, ಅದೂ ಕನ್ನಡ ವಾರ್ತೆಯ ಬೆನ್ನಿಗೇ. ವಿಧಾನಸಭಾ ಚುನಾವಣೆ ಹತ್ತಿರದಲ್ಲಿತ್ತು. ಕೆಲವೇ ದಿನಗಳಲ್ಲಿ ಪ್ರತಿಭಟನೆ ಗಲಭೆಯಾಗಿ, ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ವಾರ್ತೆ ನಿಂತಿತು.

ಆ ಹತ್ತು ನಿಮಿಷದಲ್ಲಿ ಏನು ಓದಿದರು ಎಂಬುದು ವಿವಾದದ ವಿಷಯವೇ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ರೇಮಂಡ್ ವಿಲಿಯಮ್ಸ್ 1974ರ ತಮ್ಮ ಪುಸ್ತಕದಲ್ಲಿ, ಟಿ.ವಿ.ಯನ್ನು ಬಿಡಿಬಿಡಿ ಕಾರ್ಯಕ್ರಮಗಳಾಗಿ ನೋಡದೆ ಒಂದು ಹರಿವಾಗಿ ನೋಡಬೇಕು ಎಂದರು. ಒಂದರ ಹಿಂದೆ ಇನ್ನೊಂದು ಬರುವ ಕ್ರಮವೇ ಅರ್ಥ ಹುಟ್ಟಿಸುತ್ತದೆ. ಕನ್ನಡ ವಾರ್ತೆಯ ನೆರೆಯಲ್ಲಿ ಬಂದು ಕುಳಿತ ಉರ್ದು, ಕೆಲವರಿಗೆ ಅತಿಥಿಯಾಗಿ ಕಾಣಲಿಲ್ಲ, ಜಾಗ ಕಬಳಿಸಲು ಬಂದವನಂತೆ ಕಂಡಿತು.

ಉರ್ದು ವಾರ್ತೆಯನ್ನು ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. 2011ರ ಜನಗಣತಿಯಲ್ಲೂ ರಾಜ್ಯದಲ್ಲಿ ಕನ್ನಡದ ನಂತರ ಹೆಚ್ಚು ಜನ ಮಾತೃಭಾಷೆಯೆಂದು ಬರೆಸಿದ್ದು ಉರ್ದುವನ್ನೇ. ಸಾರ್ವಜನಿಕರ ಹಣದಿಂದ ನಡೆಯುವ ಪ್ರಸಾರ ಸಂಸ್ಥೆ ಅವರಿಗೆ ಹತ್ತು ನಿಮಿಷ ಕೊಡುವುದು ಉಪಕಾರವಲ್ಲ. ನಮ್ಮ ತಕರಾರು ಬೇರೆ. ಅದನ್ನು ಮುಸ್ಲಿಮರಿಗೆ ಕೊಟ್ಟ ಉಡುಗೊರೆ ಎಂಬಂತೆ ಕೊಡಲಾಯಿತು, ವಿರೋಧಿಸಿದವರೂ ಹಾಗೆಯೇ ತೆಗೆದುಕೊಂಡರು. ಮುಸ್ಲಿಮನೆಂದರೆ ಉರ್ದು, ಉರ್ದುವೆಂದರೆ ಮುಸ್ಲಿಮ ಎಂಬ ಒಂದೇ ಚಿತ್ರ ಎರಡೂ ಕಡೆಯವರ ಕೈಯಲ್ಲಿತ್ತು. ನಮ್ಮ ಮುಖಂಡರಲ್ಲೂ ಹಲವರು ಆ ಚಿತ್ರಕ್ಕೇ ಚೌಕಟ್ಟು ಹಾಕಿಸಿಕೊಂಡರು! ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು, ಮನೆಯಲ್ಲಿ ದಖನಿ ಆಡಿ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವ ಬಿಜಾಪುರದವರು ಆ ಚಿತ್ರದಲ್ಲಿರಲಿಲ್ಲ. 'ನಿತ್ಯೋತ್ಸವ' ಬರೆದ ನಿಸಾರ್ ಅಹಮದರೂ ಇರಲಿಲ್ಲ. ಉರ್ದು ಶಾಲೆ, ಕನ್ನಡ ಶಾಲೆ ಎರಡರ ಬೆಂಚಿನಲ್ಲೂ ಕುಳಿತು ಬಂದ ನಮ್ಮಂಥವರು ಯಾವ ವಾರ್ತೆಯ ಪಾಲಿಗೆ ಸೇರಬೇಕಿತ್ತು?

'ಬ್ರಾಡ್‌ಕಾಸ್ಟ್' ಮೂಲತಃ ರೈತರ ಮಾತು, ಬೀಜವನ್ನು ಕೈಯಿಂದ ಎರಚಿ ಬಿತ್ತುವುದು. ಎಲ್ಲರ ಹೊಲಕ್ಕೂ ಒಂದೇ ಬೀಜ. ಕೇಬಲ್ ಬಂದ ಮೇಲೆ ಚಾನೆಲ್‌ಗಳು ಕೂರಿಗೆ ಹಿಡಿದು ಸಾಲು ಸಾಲಾಗಿ ಬಿತ್ತತೊಡಗಿದವು. ಉರ್ದುವಿನ ಸಾಲು ಬೇರೆಯಾಯಿತು, ಜಗಳವೂ ತಣ್ಣಗಾಯಿತು. ಆದರೆ ಕನ್ನಡ ವಾರ್ತೆ ನೋಡುವವನ ಕಿವಿಗೆ ಪಕ್ಕದ ಮನೆಯ ಮಾತು ಬೀಳುವ ಸಂದರ್ಭವೂ ಹೋಯಿತು. ಇದನ್ನು ಪರಿಹಾರ ಎನ್ನಲು ನಮಗೆ ಮನಸ್ಸಿಲ್ಲ.

ಬಿತ್ತಿದ್ದೆಲ್ಲ ಬಿತ್ತಿದವನ ಇಷ್ಟದಂತೆಯೇ ಬೆಳೆಯುವುದಿಲ್ಲ ಎಂಬುದೂ ನಿಜ. ನೋಡುಗ ಒಪ್ಪಬಹುದು, ಅರ್ಧ ಒಪ್ಪಬಹುದು, ತಿರುಗಿಬೀಳಬಹುದು ಎಂದು ಸ್ಟುವರ್ಟ್ ಹಾಲ್ 1973ರಲ್ಲೇ ಬರೆದಿದ್ದರು. ಇದನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ತೋರಿಸಿದ್ದು ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008). ವೈದೇಹಿಯವರ ಕತೆಯ ಕ್ರೈಸ್ತ ಸೂಲಗಿತ್ತಿ ಚಿತ್ರದಲ್ಲಿ ಮುಸ್ಲಿಂ ಹೆಂಗಸಾಗಿದ್ದಾಳೆ. ಅವಳ ಮನೆಗೆ ಟಿ.ವಿ. ಬಂದಾಗ ಮೀನುಗಾರರ ಕೇರಿಯ ಹೆಂಗಸರು ಜಾತಿ, ಧರ್ಮ ಮರೆತು ಅದರ ಮುಂದೆ ಸೇರುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಊರು ಅವಳನ್ನು ಪರಕೀಯಳನ್ನಾಗಿ ಮಾಡಿ ಹೊರಗಟ್ಟುತ್ತದೆ. ಅವಳ ಮನೆಯಲ್ಲಿ ಕುಳಿತು ನೋಡಿದ ಆ ಸಂಜೆಗಳು ಅವಳನ್ನು ಉಳಿಸುವುದಿಲ್ಲ.

ಉಮಾಶ್ರೀಯವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಮಗೆ ಹೆಚ್ಚು ಹಿಡಿಸಿದ್ದು ಸಣ್ಣದೊಂದು ಸಂಗತಿ: ಗುಲಾಬಿ ಕುಂದಾಪುರದ ಕಡೆಯ ಕನ್ನಡವನ್ನು ಆ ಕೇರಿಯ ಉಳಿದವರಂತೆಯೇ ಆಡುತ್ತಾಳೆ. ಒಂದು 'ನಿಮ್ದೂಕೆ' ಕೂಡ ಇಲ್ಲ.